ರಿಂಗಿನ ಕೊಂಡಿ ಒಳಕ್ಕೆ ಬಾಗಲಿ

ಹೊನ್ನಾಳಿ, ನ್ಯಾಮತಿಯಲ್ಲಿ ಮನೆ ಕಟ್ಟಿಸುವ ಎಂಜಿನಿಯರ್ ನಾನು. ‘ನಮ್ಮದು ಭೂಕಂಪದ ಸೀಮೆಯಲ್ಲ’ ಎಂಬ ಮಾತು ಚನ್ನಗಿರಿಯಿಂದ ಜಗಳೂರಿನವರೆಗೂ ಕೇಳುತ್ತದೆ. ಆದರೆ 1993ರ ಭೂಕಂಪದಲ್ಲಿ ಸಾವಿರಾರು ಜನರನ್ನು ಕಳೆದುಕೊಂಡ ಲಾತೂರಿನ ಕಿಲ್ಲಾರಿಯೂ ಆಗಿನ ಭೂಕಂಪ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲೇ ಇತ್ತು. 2001ರಲ್ಲಿ ಭುಜ್ ನಡುಗಿದಾಗ 200 ಕಿಲೋಮೀಟರಿಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ನೆಲಮಹಡಿಯನ್ನು ಪಾರ್ಕಿಂಗಿಗೆ ಬಿಟ್ಟ ಆರ್‌ಸಿಸಿ ಕಟ್ಟಡಗಳು ಕುಸಿದವು. ಮೇಲೆ ಗೋಡೆಗಳ ಬಿಗಿ, ಕೆಳಗೆ ಬರೀ ಕಂಬ. ಓಲಾಟದ ಹೊರೆಯೆಲ್ಲ ಕಂಬಕ್ಕೇ ಬಿತ್ತು.

ನಮ್ಮ ಪೇಟೆಗಳಲ್ಲೂ ಈಗ ಕೆಳಗೆ ಅಂಗಡಿ, ಮೇಲೆ ಮನೆ. ಹಾಗಾಗಿ ತೊಲೆ ಸೇರುವ ಕಡೆ ಕಂಬದ ಸರಳುಗಳನ್ನು ಸುತ್ತುವ ರಿಂಗ್‌ಗಳು ಒತ್ತೊತ್ತಾಗಿರಲಿ. ರಿಂಗಿನ ತುದಿಯ ಕೊಂಡಿ 90 ಅಲ್ಲ, 135 ಡಿಗ್ರಿ ಒಳಕ್ಕೆ ಬಾಗಿರಲಿ. ಆಗ ಕಂಬ ಬಿರುಕುಬಿಟ್ಟರೂ ತಟ್ಟನೆ ಮುರಿಯದೆ ಜನ ಹೊರಬರಲು ಸಮಯ ಕೊಡುತ್ತದೆ. ಕಾಂಕ್ರೀಟ್ ಸುರಿಯುವ ಮುನ್ನ ನೀವೇ ನಿಂತು ನೋಡಿ.