ಕೊಯ್ಲು ಮುಗಿಯದೆ ಪದವಿ ಬೇಡ

ದೇಶದ ಮೊದಲ ಮೀನುಗಾರಿಕಾ ಕಾಲೇಜು ಶುರುವಾದದ್ದು ಮಂಗಳೂರಿನಲ್ಲಿ, 1969ರಲ್ಲಿ. ಸಭೆ ಸಮಾರಂಭಗಳಲ್ಲಿ ಇದನ್ನು ಹೇಳಿಕೊಳ್ಳಲು ಕರಾವಳಿಯ ನಾವು ಮರೆಯುವುದಿಲ್ಲ. ನನ್ನ ತಕರಾರು ಬೇರೆ. ಸಿಇಟಿ ಬರೆದು ಸೇರಿ, ನಾಲ್ಕು ವರ್ಷ ಓದಿ ಬಿ.ಎಫ್‌.ಎಸ್ಸಿ. ಮುಗಿಸುವವರು ಬಿತ್ತನೆಯಿಂದ ಮಾರಾಟದವರೆಗೆ ಒಂದಾದರೂ ಬೆಳೆಯನ್ನು ತಾವೇ ತೆಗೆದಿರಬೇಕು. ಕೊನೆಯ ವರ್ಷದಲ್ಲಿ ಹಂಚಿಹೋದ ತರಬೇತಿ, ಅದರ ಮೇಲೊಂದು ವರದಿ: ಇಷ್ಟು ಸಾಲದು.

ನೀಲಿಕಲ್ಲು ಎಂಬ ಚಿಪ್ಪುಮೀನಿನ ಕೃಷಿಯನ್ನೇ ನೋಡಿ. ಬಂಡೆಗಳಿಂದ ತಂದ ಮರಿಗಳನ್ನು ನೈಲಾನ್ ಹಗ್ಗದ ಸುತ್ತ ಹರಡಿ, ತೆಳು ಹತ್ತಿಬಟ್ಟೆ ಸುತ್ತಿ ಹೊಲಿಯುತ್ತಾರೆ. ಅಳಿವೆಯಲ್ಲಿ ಕಂಬ ನೆಟ್ಟು ಆ ಹಗ್ಗಗಳನ್ನು ಇಳಿಬಿಡುತ್ತಾರೆ. ಬಟ್ಟೆ ಕೊಳೆತು ಉದುರುವಷ್ಟರಲ್ಲಿ ಮರಿಗಳು ತಮ್ಮದೇ ನಾರಿನಿಂದ ಹಗ್ಗಕ್ಕೆ ಅಂಟಿಕೊಂಡಿರುತ್ತವೆ. ಹಗ್ಗ ತಳ ಮುಟ್ಟಿತೋ, ಏಡಿಗೆ ಊಟ. ಡಿಸೆಂಬರ್ ಹೊತ್ತಿಗೆ ಕಟ್ಟಿದರೆ ಮೇ ಒಳಗೆ ಕೊಯ್ಲು ಆಗಲೇಬೇಕು. ಮುಂಗಾರು ಹಿಡಿದು ಹೊಳೆನೀರು ನುಗ್ಗಿದರೆ ಉಪ್ಪು ಇಳಿದು ಬೆಳೆ ಸಾಯುತ್ತದೆ. ಹೆಚ್ಚುಕಡಿಮೆ ಒಂದು ಸೆಮಿಸ್ಟರ್‌ನ ಅವಧಿ! ಪಠ್ಯಕ್ರಮ ಮಾಡುವವರಿಗೆ ಪ್ರಕೃತಿಯೇ ಇಷ್ಟು ಅನುಕೂಲ ಮಾಡಿಕೊಟ್ಟಿದೆ. ಪಕ್ಕದ ಕಾಸರಗೋಡು ಜಿಲ್ಲೆಯ ಪಡನ್ನ, ಚೆರುವತ್ತೂರಿನ ಮಹಿಳಾ ಸಂಘಗಳು 1990ರ ದಶಕದ ಕೊನೆಯಿಂದ ಇದನ್ನು ಮಾಡಿಕೊಂಡು ಬಂದಿವೆ. ಅವರ ಕೈಯಲ್ಲಿ ಯಾವ ಪದವಿಯೂ ಇರಲಿಲ್ಲ.

ಸಿಗಡಿಯದೂ ಅಷ್ಟೆ, ವನಾಮಿ ಜಾತಿಯ ಬೆಳೆ ಸುಮಾರು ನಾಲ್ಕು ತಿಂಗಳದ್ದು. ಕೆರೆಯ ನೀರಿನಲ್ಲಿ ಆಮ್ಲಜನಕ ತೀರಾ ಇಳಿಯುವುದು ಬೆಳಗಿನ ಜಾವ. ಆ ಹೊತ್ತಿನಲ್ಲಿ ದಂಡೆಯ ಮೇಲೆ ನಿಂತು ಏರೇಟರ್ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುವವನೇ ಕೃಷಿಕನಿಗೆ ಬೇಕಾದ ಪದವೀಧರ. ಹತ್ತು ಗಂಟೆಗೆ ತೆರೆಯುವ ಪ್ರಯೋಗಾಲಯದಲ್ಲಿ ಈ ಪಾಠ ಸಿಗುವುದಿಲ್ಲ. 1990ರ ದಶಕದ ನಡುವೆ ಬಿಳಿಚುಕ್ಕೆ ರೋಗ ಬಂದು ಸಿಗಡಿ ಕೆರೆಗಳು ಪಾಳುಬಿದ್ದದ್ದು ನೆನಪಿರುವವರಿಗೆ, ಒಂದು ದಿನ ತಡವಾಗಿ ನೋಡುವುದರ ಬೆಲೆ ಗೊತ್ತು.

ಇನ್ನೊಂದು ಮಾತು, ಕೆಲವು ಪ್ರಾಧ್ಯಾಪಕರಿಗೆ ಹಿಡಿಸಲಿಕ್ಕಿಲ್ಲ. ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಕೆಸರಿಗಿಳಿದು ಚಿಪ್ಪುಮೀನು ಹೆಕ್ಕುವ ಹೆಂಗಸರನ್ನು ಕಾಲೇಜು ಗೌರವಧನ ಕೊಟ್ಟು ಬೋಧಕಿಯರಾಗಿ ಕರೆಸಲಿ. ಅವರ ಮಕ್ಕಳಿಗಾಗಿ ಎಸ್ಸೆಸ್ಸೆಲ್ಸಿ ನಂತರ ಸೇರಬಹುದಾದ ಸಣ್ಣ ಅವಧಿಯ ಕೋರ್ಸುಗಳು ಅಳಿವೆಯ ಊರಿನಲ್ಲೇ ನಡೆಯಲಿ. ಈ ಕಾಲೇಜು ಸೇರಿರುವ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಮುಂದಿನ ಡಿಸೆಂಬರಿನಲ್ಲೇ ಒಂದು ತಂಡಕ್ಕಾದರೂ ಹಗ್ಗ ಕಟ್ಟಿಸಲಿ, ಮೇ ತಿಂಗಳ ಕೊಯ್ಲಿಗೇ ಅಂಕ ಕೊಡಲಿ.