ತಳ ಹಿಡಿದ ಅಣುತ್ಯಾಜ್ಯ: ಹ್ಯಾನ್‌ಫೋರ್ಡ್ ಟ್ಯಾಂಕ್‌ಗಳಿಂದ ಕೈಗಾ ಕಲಿಯೋದೇನು?

ಕಾರವಾರ: ಅಣುತ್ಯಾಜ್ಯ ಎಲ್ಲಿಡ್ತಾರೆ ಅಂತ ಎಲ್ಲರೂ ಕೇಳ್ತಾರೆ. ಇಟ್ಟಿದ್ದನ್ನ ಆಮೇಲೆ ತೆಗೆಯೋದು ಹೇಗೆ ಅಂತ ಕೇಳೋರು ಕಡಿಮೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫೋರ್ಡ್‌ನಲ್ಲಿ ಈಗ ಅದೇ ತಲೆನೋವು.

ನಾಗಸಾಕಿ ಬಾಂಬಿನ ಪ್ಲುಟೋನಿಯಂ ತಯಾರಾಗಿದ್ದು ಇಲ್ಲಿ. ಉರಿಸಿದ ಇಂಧನವನ್ನು ಆಸಿಡ್‌ನಲ್ಲಿ ಕರಗಿಸಿ ಪ್ಲುಟೋನಿಯಂ ತೆಗೆದ ಮೇಲೆ ಉಳಿದ ವಿಕಿರಣ ದ್ರವವನ್ನು ನೆಲದಡಿಯ 177 ಟ್ಯಾಂಕ್‌ಗಳಿಗೆ ತುಂಬಿದರು. ಒಟ್ಟು ಸುಮಾರು 21 ಕೋಟಿ ಲೀಟರ್. ಪಕ್ಕದಲ್ಲೇ ಕೊಲಂಬಿಯಾ ನದಿ.

ಎಡವಟ್ಟಾಗಿದ್ದು ಶುರುವಿನಲ್ಲೇ. ಟ್ಯಾಂಕ್‌ಗಳು ಸ್ಟೇನ್‌ಲೆಸ್ ಅಲ್ಲ, ಸಾದಾ ಕಾರ್ಬನ್ ಸ್ಟೀಲ್. ಆಸಿಡ್ ತಗಡನ್ನು ತಿನ್ನದಿರಲಿ ಅಂತ ಕಾಸ್ಟಿಕ್ ಸೋಡಾ ಬೆರೆಸಿದರು. ಆಗ ಕಬ್ಬಿಣದಂಥ ಲೋಹಗಳು, ಜತೆಗೆ ವಿಕಿರಣ ಸೂಸುವ ಸ್ಟ್ರಾನ್ಷಿಯಂ, ಕೆಸರಾಗಿ ತಳಕ್ಕಿಳಿದವು. ನೀರು ಆರಿದಲ್ಲೆಲ್ಲ ಉಪ್ಪು ಕಲ್ಲಿನಂತೆ ಗಟ್ಟಿಯಾಯಿತು.

ಮೇಲಿನ ದ್ರವ ಪಂಪ್ ಮಾಡೋದು ಸುಲಭ. ಸೀದು ತಳ ಹಿಡಿದ ಅನ್ನದ ಪಾತ್ರೆ ಥರ, ಕಷ್ಟ ಇರೋದು ಕೊನೆಯ ಪದರದಲ್ಲಿ. ಒಳಗೆ ಮನುಷ್ಯ ಇಳಿಯೋ ಹಾಗಿಲ್ಲ. ಮೇಲಿನ ಕಿರಿದಾದ ಪೈಪ್ ಬಾಯಿಂದಲೇ ನೀರಿನ ಜೆಟ್, ಯಂತ್ರದ ಕೈ ಇಳಿಸಬೇಕು. ಜಾಸ್ತಿ ನೀರು ಬಿಟ್ಟರೆ ಹಳೇ ಟ್ಯಾಂಕ್ ಸೋರೋ ಭಯ. ಆಕ್ಸಾಲಿಕ್ ಆಸಿಡ್ ಹಾಕಿದರೆ ಕೆಸರು ಕರಗುತ್ತೆ, ಆದರೆ ಸ್ಟೀಲೂ ಸವೆಯುತ್ತೆ, ಮುಂದೆ ಸಂಸ್ಕರಿಸಬೇಕಾದ ಉಪ್ಪೂ ಹೆಚ್ಚುತ್ತೆ. ಶೇ 99ರಷ್ಟು ತೆಗೆಯಬೇಕು ಅನ್ನೋದು ಗುರಿ. 16 ಟ್ಯಾಂಕ್‌ಗಳ ಒಂದು ಗುಂಪನ್ನು ಖಾಲಿ ಮಾಡೋಕೇ ಹತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ತೆಗೆದಿದ್ದು ಹೋಗೋದು ಎರಡು ಗೋಡೆಯ ಟ್ಯಾಂಕ್‌ಗಳಿಗೆ. ಅವುಗಳಲ್ಲೂ ಒಂದರ ಒಳಗೋಡೆ ಸೋರಿದ್ದು 2012ರಲ್ಲಿ ಖಚಿತವಾಯಿತು.

ಕೈಗಾಕ್ಕೆ ಇದರಲ್ಲೇನಿದೆ? ಹೆದರೋ ಮುಂಚೆ ಒಂದು ವಿಷಯ ತಿಳಿದಿರಲಿ. ಇಂಥ ದ್ರವ ತ್ಯಾಜ್ಯ ಹುಟ್ಟೋದು ಇಂಧನದ ಮರುಸಂಸ್ಕರಣೆಯಲ್ಲಿ. ಆ ಘಟಕ ಕೈಗಾದಲ್ಲಿಲ್ಲ. ದೇಶದಲ್ಲಿ ಅದು ನಡೆಯೋದು ಟ್ರಾಂಬೆ, ತಾರಾಪುರ, ಕಲ್ಪಾಕ್ಕಂನಲ್ಲಿ. ಅಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕ್ ಬಳಸ್ತಾರೆ, ತ್ಯಾಜ್ಯವನ್ನು ಗಾಜಿನಲ್ಲಿ ಸೇರಿಸಿ ಗಟ್ಟಿ ಮಾಡ್ತಾರೆ.

ಆದರೂ ಕೈಗಾದಲ್ಲಿ ಈಗಿರೋ ನಾಲ್ಕು ಘಟಕಗಳ ಜತೆ 700 ಮೆಗಾವಾಟ್‌ನ ಇನ್ನೆರಡು ಬರಲಿವೆ, ಬಳಸಿದ ಇಂಧನವೂ ಹೆಚ್ಚಲಿದೆ. ಅದು ಇಲ್ಲಿ ಎಷ್ಟು ವರ್ಷ ಇರುತ್ತೆ, ಯಾವಾಗ, ಹೇಗೆ ಸಾಗಿಸ್ತಾರೆ ಅನ್ನೋದನ್ನ ತಾಲ್ಲೂಕಿನ ಜನ ಮೊದಲೇ ಕೇಳಿಡಬೇಕು. ಹ್ಯಾನ್‌ಫೋರ್ಡ್‌ನಲ್ಲಿ ಅವತ್ತು ತಗಡಿನಲ್ಲಿ ಉಳಿಸಿದ ದುಡ್ಡಿಗೆ ಇವತ್ತು ಮೊಮ್ಮಕ್ಕಳ ಕಾಲದವರು ಬಡ್ಡಿ ಕಟ್ತಿದ್ದಾರೆ.