ಮಳೆತೊಟ್ಟಿಗೆ ಬೇಕಾದ ಎರಡು ದಿನಗಳು

ಕಪ್ಪತಗುಡ್ಡದ ಸೆರಗಿನ ಹಳ್ಳಿಗಳಲ್ಲಿ ತಿರುಗಾಡುವವರಿಗೆ ಶಾಲೆಯ ಗೋಡೆಗೊರಗಿ ನಿಂತ ಮಳೆನೀರಿನ ತೊಟ್ಟಿಯೊಂದು ಕಣ್ಣಿಗೆ ಬೀಳದೆ ಇರದು. ಬಹಳ ಕಡೆ ಅದರ ನಲ್ಲಿ ಮುರಿದಿರುತ್ತದೆ. ಛಾವಣಿಯಿಂದ ಇಳಿದ ಪೈಪು ಅರ್ಧದಲ್ಲಿಯೇ ತುಂಡಾಗಿರುತ್ತದೆ. ಮುಚ್ಚಳದ ಮೇಲೆ ಯಾರೋ ಒಂದು ಕಲ್ಲು ಹೇರಿಟ್ಟಿರುತ್ತಾರೆ. ಯೋಜನೆ ವಿಫಲವಾಯಿತು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ತೊಟ್ಟಿ ವಿಫಲವಾದದ್ದು ಸಿಮೆಂಟಿನ ದೋಷದಿಂದಲ್ಲ, ಮಳೆಯ ಕೊರತೆಯಿಂದಲೂ ಅಲ್ಲ. ವರ್ಷದ ಆರೇಳು ತಿಂಗಳು ಸುಮ್ಮನೆ ಕುಳಿತಿರಬೇಕಾದ ವ್ಯವಸ್ಥೆಯನ್ನು ಹೇಗೆ ಮಲಗಿಸಬೇಕು, ಮತ್ತೆ ಹೇಗೆ ಎಬ್ಬಿಸಬೇಕು ಎಂಬುದನ್ನು ಕಟ್ಟಿಕೊಟ್ಟವರು ಹೇಳಲಿಲ್ಲ, ಪಡೆದುಕೊಂಡ ನಾವೂ ಕೇಳಲಿಲ್ಲ. ತೊಟ್ಟಿ ಕೆಟ್ಟದ್ದು ಅಲ್ಲಿಂದ.

ಮುಂಡರಗಿ ತಾಲೂಕಿಗೆ ಈ ತೊಟ್ಟಿಗಳು ಏಕೆ ಬಂದವೆಂಬುದನ್ನು ಇಂದಿನ ವಿದ್ಯಾರ್ಥಿಗಳು ತಿಳಿದಿರಬೇಕು. ಇಲ್ಲಿನ ಅನೇಕ ಊರುಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ಮೂಲವೇ ಇಲ್ಲದಾಗ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಅದನ್ನು ಮೀರಿದ ನೀರನ್ನು ಎಳೆಯ ವಯಸ್ಸಿನಲ್ಲಿ ಕುಡಿದ ಮಗುವಿನ ಹಲ್ಲಿನ ಮೇಲೆ ಮೂಡಿದ ಕಂದು ಕಲೆ ಮತ್ತೆ ಅಳಿಸಿಹೋಗುವುದಿಲ್ಲ. ವರ್ಷಾನುಗಟ್ಟಲೆ ಕುಡಿದವರ ಬೆನ್ನು, ಮಂಡಿಗಳ ಕಥೆ ಇನ್ನೂ ಕಷ್ಟದ್ದು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆವಿಯಾದಷ್ಟು ನೀರು ಕಡಿಮೆಯಾಗಿ ಅದರ ಪ್ರಮಾಣ ಹೆಚ್ಚುತ್ತದೆ. ಮಳೆಯ ನೀರಿನಲ್ಲಾದರೋ ಫ್ಲೋರೈಡ್ ಇಲ್ಲವೆಂದೇ ಹೇಳಬಹುದು. ಈ ಸರಳ ಸತ್ಯವನ್ನು ಆಧರಿಸಿಯೇ 2000ರ ದಶಕದಲ್ಲಿ ಬೈಫ್ ಬಳಗದ ಬರ್ಡ್-ಕೆ ಸಂಸ್ಥೆಯು ‘ಸಚೇತನ’ ಎಂಬ ಹೆಸರಿನಲ್ಲಿ ಈ ತಾಲೂಕಿನ ಹಳ್ಳಿಗಳಲ್ಲಿಯೂ ಮನೆಮನೆಯ ಮಳೆತೊಟ್ಟಿಯ ಕೆಲಸ ಮಾಡಿತು. 2006ರಲ್ಲಿ ಕರ್ನಾಟಕದ ಸುವರ್ಣ ಮಹೋತ್ಸವದ ನೆನಪಿಗೆ ಸರ್ಕಾರ ‘ಸುವರ್ಣ ಜಲ’ವೆಂದು ರಾಜ್ಯದ 23,683 ಗ್ರಾಮೀಣ ಶಾಲೆಗಳಿಗೆ ಛಾವಣಿ ನೀರಿನ ತೊಟ್ಟಿ ಕಟ್ಟಿಸಲು ಹೊರಟಿತು. ಸಂಖ್ಯೆ ದೊಡ್ಡದು. ಕಟ್ಟಿದ ತೊಟ್ಟಿಗಳ ಲೆಕ್ಕವಿತ್ತು. ತೊಳೆದ ತೊಟ್ಟಿಗಳ ಲೆಕ್ಕವನ್ನು ಇಟ್ಟವರಿಲ್ಲ.

ತೊಟ್ಟಿಯ ಗಣಿತ ಶಾಲೆಯ ಮಕ್ಕಳೂ ಮಾಡಬಹುದಾದಷ್ಟು ಸುಲಭ. ಒಂದು ಚದರ ಮೀಟರ್ ಛಾವಣಿಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 30 ಚದರ ಮೀಟರಿನ ಹಂಚಿನ ಅಥವಾ ತಗಡಿನ ಮಾಡಿನ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಮಳೆ ಸುರಿದು, ಅದರಲ್ಲಿ ಐದನೆಯ ಒಂದು ಪಾಲು ಪೋಲಾದರೂ 12,000 ಲೀಟರ್ ಕೈಸೇರುತ್ತದೆ. ಐದು ಜನರ ಸಂಸಾರಕ್ಕೆ ಕುಡಿಯಲು ಮತ್ತು ಅಡುಗೆಗೆ ಮಾತ್ರ ದಿನಕ್ಕೆ 25 ಲೀಟರಿನಂತೆ ಬಳಸಿದರೆ 5,000 ಲೀಟರಿನ ತೊಟ್ಟಿ 200 ದಿನ ಬಾಳುತ್ತದೆ. ನವೆಂಬರ್ ಮೊದಲ ದಿನ ತುಂಬಿದ್ದ ತೊಟ್ಟಿ ಮೇ ತಿಂಗಳ ಮೂರನೆಯ ವಾರದವರೆಗೆ ಬಂತು. ಅಷ್ಟರಲ್ಲಿ ರೋಹಿಣಿ ಮಳೆ ಹತ್ತಿರವಾಗಿರುತ್ತದೆ. (ಮಣ್ಣಿನ ಮಾಳಿಗೆಯ ಮನೆಗಳಿಗೆ ಈ ಲೆಕ್ಕ ಒಪ್ಪುವುದಿಲ್ಲ, ಆ ನೀರು ದನಕ್ಕೆ, ಗಿಡಕ್ಕೆ ಸರಿ.)

ಹೀಗೆ ಲೆಕ್ಕ ಸರಿಯಿದ್ದರೂ ನೀರು ಕೆಡುವುದು ಎಲ್ಲಿ? ವಿಚಿತ್ರವೆನಿಸಬಹುದು, ಇದಕ್ಕೆ ಒಂದು ಉತ್ತರ ಹಿಮ ಬೀಳುವ ದೇಶಗಳಲ್ಲಿ ಸಿಗುತ್ತದೆ. ಅಮೆರಿಕದ ಉತ್ತರ ಭಾಗದಲ್ಲಿ ಜನರು ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಗಾಲಿಯ ಮನೆಗಳನ್ನು ಇಟ್ಟುಕೊಂಡಿರುತ್ತಾರೆ. ಅದರೊಳಗೆ ನೀರಿನ ಟ್ಯಾಂಕು, ಪಂಪು, ಬಿಸಿನೀರಿನ ಹಂಡೆ, ನಲ್ಲಿ ಎಲ್ಲವೂ ಇರುತ್ತವೆ. ಬೇಸಿಗೆಯ ತಿರುಗಾಟ ಮುಗಿದು ಚಳಿ ಕಾಲಿಡುವ ಮೊದಲು ಆ ವ್ಯವಸ್ಥೆಯನ್ನು ಮಲಗಿಸಲೇಬೇಕು. ನೀರು ಹೆಪ್ಪುಗಟ್ಟಿದಾಗ ಶೇಕಡಾ 9ರಷ್ಟು ಹಿಗ್ಗುತ್ತದೆ. ಪೈಪಿನ ಮೂಲೆಯಲ್ಲಿ ಒಂದು ಬೊಗಸೆ ನೀರು ಉಳಿದಿದ್ದರೂ ಸಾಕು, ಪೈಪು ಸೀಳುತ್ತದೆ. ಆದುದರಿಂದ ಟ್ಯಾಂಕು, ಹಂಡೆಗಳನ್ನು ಬರಿದು ಮಾಡಿ, ಎಲ್ಲಕ್ಕಿಂತ ಕೆಳಗಿನ ತೂಬು ತೆರೆದು, ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವವೊಂದನ್ನು ಪಂಪಿನ ಮೂಲಕ ನೂಕುತ್ತಾರೆ. ಪ್ರತಿಯೊಂದು ನಲ್ಲಿಯಲ್ಲೂ ಗುಲಾಬಿ ಬಣ್ಣ ಕಾಣಿಸುವವರೆಗೆ ಅದು ನಡೆಯುತ್ತದೆ. ವಸಂತ ಬಂದಾಗ ಅದನ್ನೆಲ್ಲ ತೊಳೆದು ಕ್ಲೋರಿನ್ ಹಾಯಿಸಿದ ನಂತರವೇ ಕುಡಿಯುವ ನೀರು ತುಂಬುತ್ತಾರೆ. ಗಾಡಿ ಕೊಂಡವನಿಗೆ ಈ ಕ್ರಮವೂ ಜೊತೆಯಲ್ಲಿಯೇ ಬರುತ್ತದೆ. ಅದನ್ನು ತಪ್ಪಿಸಿದವನು ಮರುವರ್ಷ ಪೈಪುಗಳನ್ನು ಹೊಸದಾಗಿ ಹಾಕಿಸುತ್ತಾನೆ.

ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಮಾತಿಲ್ಲ. ಮಾರ್ಗಶಿರದ ಬೆಳಗಿನ ಚಳಿಗೆ ಕಂಬಳಿ ಹೊದ್ದರೆ ಮುಗಿಯಿತು. ನಮ್ಮ ತೊಟ್ಟಿಗೆ ಇರುವ ವೈರಿಗಳು ಬೇರೆ: ಧೂಳು, ಬೆಳಕು ಮತ್ತು ಸೊಳ್ಳೆ. ಆದುದರಿಂದ ಕ್ರಮವೂ ತಿರುವುಮುರುವು. ಅಲ್ಲಿಯವರು ನೀರನ್ನು ಹೊರಹಾಕಿ ಬಾಗಿಲು ಮುಚ್ಚುತ್ತಾರೆ. ನಾವು ನೀರನ್ನು ಒಳಗಿಟ್ಟು ಬಾಗಿಲು ಮುಚ್ಚಬೇಕು. ಬರದ ಸೀಮೆಯಲ್ಲಿ ತುಂಬಿದ ತೊಟ್ಟಿಯನ್ನು ಚೆಲ್ಲಿ ಒಣಗಿಸಿರೆಂದು ಹೇಳುವವನಿಗೆ ನಮ್ಮ ಹೆಣ್ಣುಮಕ್ಕಳು ತಕ್ಕ ಉತ್ತರ ಕೊಟ್ಟಾರು. ಕತ್ತಲಲ್ಲಿ, ಗಾಳಿಯಾಡದಂತೆ ಮುಚ್ಚಿಟ್ಟ ಶುದ್ಧ ಮಳೆನೀರು ತಿಂಗಳುಗಟ್ಟಲೆ ಕೆಡುವುದಿಲ್ಲ. ಬೆಳಕು ಬಿದ್ದರೆ ಪಾಚಿ, ಕಸ ಬಿದ್ದರೆ ನಾತ, ಸಂದು ಬಿಟ್ಟರೆ ಸೊಳ್ಳೆ.

ಮಲಗಿಸುವ ದಿನಕ್ಕೆ ಹೊಸ ತಾರೀಖು ಹುಡುಕಬೇಕಾಗಿಲ್ಲ. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆಯನ್ನು ತಿಕ್ಕಿ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಹೊಸ ನೀರು ತುಂಬಿ ಪೂಜಿಸುವ ಈ ಹಬ್ಬ ಸ್ವಾತಿ ಮಳೆಯ ಆಸುಪಾಸಿನಲ್ಲಿಯೇ ಬರುತ್ತದೆ; ಹಿಂಗಾರಿನ ದೊಡ್ಡ ಮಳೆಗಳು ಅಷ್ಟರೊಳಗೆ ಹೆಚ್ಚುಕಡಿಮೆ ಮುಗಿದಿರುತ್ತವೆ. ಹಂಡೆಗೆ ಸಲ್ಲುವ ಈ ಗೌರವವನ್ನು ತೊಟ್ಟಿಗೂ ಸಲ್ಲಿಸಿದರೆ ಸಾಕು. ಛಾವಣಿಯಿಂದ ಬರುವ ಪೈಪನ್ನು ತೊಟ್ಟಿಯಿಂದ ಬೇರ್ಪಡಿಸಿ ಬಾಯಿಗೆ ಮುಚ್ಚಳ ಹಾಕಬೇಕು. ಇಲ್ಲವಾದರೆ ಸುಗ್ಗಿಯ ಹೊಟ್ಟು, ಜೋಳದ ರಾಶಿಯ ಧೂಳು, ಹಕ್ಕಿಯ ಹಿಕ್ಕೆ ಎಲ್ಲವೂ ಬೇಸಿಗೆಯ ಒಂದು ಅಡ್ಡಮಳೆಗೆ ಕೊಚ್ಚಿಕೊಂಡು ಬಂದು ತುಂಬಿದ ತೊಟ್ಟಿಯನ್ನು ಒಂದೇ ಗಳಿಗೆಯಲ್ಲಿ ಕೆಡಿಸುತ್ತವೆ. ಹೆಚ್ಚಾದ ನೀರು ಹೊರಬೀಳುವ ಕೊಳವೆಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಬೇಕು. ಮುಚ್ಚಳದ ಸಂದಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಇಟ್ಟರೂ ಆದೀತು. ಪೈಪನ್ನು ಬಿಸಿಲಿಗೆ ಬಿಡದೆ ನೆರಳಿನಲ್ಲಿಡುವುದು ಒಳ್ಳೆಯದು. ಪಿವಿಸಿ ಬಿಸಿಲಿಗೆ ಕಾದು ಕಾದು ಬಳಪದಂತೆ ಮುರಿಯುತ್ತದೆ.

ಗುಳೆ ಹೋಗುವ ಮನೆಗಳ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಹಿಂಗಾರಿ ಬೆಳೆ ಕೈಗೆ ಬಂದ ಮೇಲೆ, ಬಾರದಿದ್ದರಂತೂ ಇನ್ನೂ ಮೊದಲೇ, ಗೋವಾಕ್ಕೂ ಮಂಗಳೂರಿಗೂ ದುಡಿಯಲು ಹೋಗುವ ಸಂಸಾರಗಳು ನಮ್ಮಲ್ಲಿ ಕಡಿಮೆಯಿಲ್ಲ. ಮನೆಗೆ ಬೀಗ ಬೀಳುತ್ತದೆ; ಅಂಗಳದ ಬ್ಯಾರಲ್ಲಿನಲ್ಲಿ, ಹಿತ್ತಲ ದೋಣಿಯಲ್ಲಿ ನೀರು ಹಾಗೆಯೇ ನಿಲ್ಲುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ತವರುಮನೆ ಬೇರಿಲ್ಲ. ತತ್ತಿಯಿಂದ ಹಾರುವ ಸೊಳ್ಳೆಯಾಗಲು ಅದಕ್ಕೆ ಒಂದು ವಾರ, ಹತ್ತು ದಿನ ಸಾಕು. ಬರಿದು ಮಾಡಿ ಹೋದರೆ ಸಾಲದೇ ಎಂದು ಕೇಳಬಹುದು. ಸಾಲದು. ನೀರಿನ ಅಂಚಿಗಿಂತ ಸ್ವಲ್ಪ ಮೇಲೆ ಗೋಡೆಗೆ ಅಂಟಿಸಿಟ್ಟ ಅದರ ತತ್ತಿಗಳು ಒಣಗಿದ ಪಾತ್ರೆಯಲ್ಲಿಯೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ತೆಂಗಿನ ನಾರಿನಿಂದ ಗಟ್ಟಿಯಾಗಿ ಉಜ್ಜಿ, ಒಣಗಿಸಿ, ಬೋರಲು ಹಾಕಿ ಹೋಗಬೇಕು. ದೊಡ್ಡ ತೊಟ್ಟಿಯ ನೀರನ್ನು ಊರಲ್ಲೇ ಉಳಿದ ನೆರೆಯವರಿಗೆ ಬಿಟ್ಟುಹೋಗುವುದು ಎಲ್ಲಕ್ಕಿಂತ ಲೇಸು. ಅವರಿಗೆ ನೀರು, ನಿಮಗೆ ಕಾವಲು. ಆದರೆ ತಂತಿಬಲೆ ಮತ್ತು ಸಿಮೆಂಟಿನ ತೆಳುಗೋಡೆಯ ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ ವೈಶಾಖದ ಬಿಸಿಲಿಗೆ ಬಿಡಬಾರದು, ಬಿರುಕು ಬಿಡುತ್ತದೆ. ತಳದಲ್ಲಿ ಒಂದು ಗೇಣು ನೀರಿರಲಿ.

ಎಬ್ಬಿಸುವ ದಿನ ರೋಹಿಣಿಗೆ ಮೊದಲು, ಅಂದರೆ ಮೇ ಮೂರನೆಯ ವಾರದಲ್ಲಿ. ಮಾಳಿಗೆಗೆ ಮಣ್ಣು ಹಾಕುವ ದಿನಗಳೂ ಅವೇ. ಸೋರದಿರಲೆಂದು ಪ್ರತಿ ಬೇಸಿಗೆಯಲ್ಲಿ ಮಾಳಿಗೆಗೆ ಹೊಸ ಮಣ್ಣು ಹೊರುತ್ತಿದ್ದ ನಮ್ಮ ಹಿರಿಯರಿಗೆ ಯಾವ ಇಲಾಖೆಯೂ ಸುತ್ತೋಲೆ ಕಳಿಸಿರಲಿಲ್ಲ. ಛಾವಣಿ ಗುಡಿಸಿ, ಶೋಧಕದ ಮರಳು ಮತ್ತು ಜಲ್ಲಿಯನ್ನು ಹೊರತೆಗೆದು ತೊಳೆದು ಬಿಸಿಲಿಗೆ ಹರಡಿ, ಇದ್ದಿಲನ್ನು ಬದಲಿಸಬೇಕು. ತೊಟ್ಟಿಗೆ ಇಳಿಯುವಾಗ ಹಗೇವಿನ ಎಚ್ಚರವಿರಲಿ. ಮುಚ್ಚಿದ ಹಗೇವನ್ನು ತೆರೆದು, ಹೊತ್ತು ಕಳೆಯಲು ಬಿಟ್ಟು, ದೀಪ ಇಳಿಸಿ ನೋಡಿ ಆಮೇಲೆ ಜೋಳ ತೆಗೆಯಲು ಇಳಿಯುತ್ತಿದ್ದುದು ಸುಮ್ಮನೆ ಅಲ್ಲ. ತೊಟ್ಟಿಯ ಬಾಯನ್ನೂ ಕೆಲವು ಗಂಟೆ ತೆರೆದಿಟ್ಟು, ಮೇಲೆ ಒಬ್ಬರು ನಿಂತಿದ್ದಾಗ ಮಾತ್ರ ಇಳಿಯಬೇಕು, ಮಕ್ಕಳನ್ನು ಇಳಿಸಕೂಡದು. ಪೈಪನ್ನು ಮರಳಿ ಜೋಡಿಸಿದ ಮೇಲೂ ಮೊದಲ ಮಳೆಯನ್ನು ಒಳಗೆ ಬಿಡಬಾರದು. 30 ಚದರ ಮೀಟರಿನ ಮಾಡಿನ ಮೊದಲ 2 ಮಿಲಿಮೀಟರ್ ಎಂದರೆ 60 ಲೀಟರ್, ನಾಲ್ಕೈದು ಕೊಡ. ಆರು ತಿಂಗಳ ಕೊಳೆ ಅದರೊಂದಿಗೆ ಹೋಗುತ್ತದೆ. ತೊಟ್ಟಿ ತುಂಬಿದ ಬಳಿಕ 1,000 ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ತಿಳಿಯನ್ನು ಮಾತ್ರ ಸುರಿದು, ಒಂದು ಗಂಟೆ ಬಿಟ್ಟು ಬಳಸಬಹುದು.

ಇಷ್ಟೆಲ್ಲ ಏಕೆ, ಹಮ್ಮಿಗಿಯ ಬ್ಯಾರೇಜಿನಲ್ಲಿ ತುಂಗಭದ್ರೆಯ ನೀರು ನಿಂತಿದೆ, ಶುದ್ಧ ನೀರಿನ ಘಟಕಗಳು ಬಂದಿವೆ, 2019ರಿಂದ ಜಲಜೀವನ ಯೋಜನೆಯ ನಲ್ಲಿಗಳು ಅಂಗಳಕ್ಕೆ ಬಂದವು ಎಂಬ ಮಾತಿದೆ. ಬರಲಿ, ಸಂತೋಷ. ಆದರೆ ಹೊಳೆ ಬತ್ತಿದ ಬೇಸಿಗೆಯಲ್ಲಿ, ಮೋಟಾರು ಸುಟ್ಟ ವಾರದಲ್ಲಿ, ನಲ್ಲಿಗೆ ಬರುವುದು ಮತ್ತೆ ಕೊಳವೆಬಾವಿಯ ನೀರೇ. ಘಟಕಗಳಿಗೂ ಇದೇ ಶಿಸ್ತು ಬೇಕು: ಅದರೊಳಗಿನ ಪೊರೆ ನಿಂತ ನೀರಿನಲ್ಲಿ ಕೆಲವು ದಿನ ಕೂತರೆ ಅದರ ಮೇಲೆ ಸೂಕ್ಷ್ಮಜೀವಿಗಳು ಬೆಳೆಯುತ್ತವೆ, ಹೆಚ್ಚು ಕಾಲ ನಿಲ್ಲಿಸುವುದಾದರೆ ತೊಳೆದು ಸಂರಕ್ಷಕ ದ್ರಾವಣದಲ್ಲಿಡಬೇಕು. ಎಷ್ಟು ಪಂಚಾಯಿತಿಗಳ ಗುತ್ತಿಗೆ ಪತ್ರದಲ್ಲಿ ಈ ವಾಕ್ಯವಿದೆ?

ಹಣವಿಲ್ಲವೆಂಬ ನೆಪ ನಿಲ್ಲುವುದಿಲ್ಲ. 15ನೆಯ ಹಣಕಾಸು ಆಯೋಗವು 2021ರಿಂದ ಗ್ರಾಮ ಪಂಚಾಯಿತಿಗಳ ಅನುದಾನದಲ್ಲಿ ಶೇಕಡಾ 60 ಭಾಗವನ್ನು ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟಿತ್ತು. ಒಂದು ತೊಟ್ಟಿ ತೊಳೆಯಲು ಇಬ್ಬರ ಅರ್ಧ ದಿನದ ಕೂಲಿ ಬೇಕು. ಆದರೆ ಅರ್ಧ ದಿನದ ಕೂಲಿಗೆ ಉದ್ಘಾಟನೆಯ ಫಲಕ ಹಾಕಲಾಗದು. ನಮ್ಮ ಆಡಳಿತಕ್ಕೆ ಅದರ ಮೇಲಿನ ನಿರಾಸಕ್ತಿಗೆ ಇದೇ ಕಾರಣವೆಂದು ನನಗನಿಸುತ್ತದೆ.

ಶಾಲೆಗಳ ಮಾತು ಬೇರೆ. ಏಪ್ರಿಲ್ ಎರಡನೆಯ ವಾರದಲ್ಲಿ ಮುಚ್ಚಿದ ಶಾಲೆ ಮೇ ಕೊನೆಗೆ ತೆರೆಯುತ್ತದೆ. ಮಕ್ಕಳು ಬಂದ ಮೊದಲ ದಿನವೇ ನಲ್ಲಿ ತಿರುಗಿಸುತ್ತಾರೆ. ತೊಟ್ಟಿ ತೊಳೆಯಬೇಕಾದ ವಾರದಲ್ಲಿ ಆವರಣದಲ್ಲಿ ಯಾರೂ ಇರುವುದಿಲ್ಲ. ಆದುದರಿಂದ ತೊಟ್ಟಿಯ ಬೀಗದ ಕೈ ಮುಖ್ಯ ಗುರುಗಳ ಕಪಾಟಿನಲ್ಲಿ ಇರುವುದಕ್ಕಿಂತ ಅದೇ ಊರಿನಲ್ಲಿರುವ, ಬಿಸಿಯೂಟ ಮಾಡುವ ತಾಯಂದಿರಲ್ಲಿ ಒಬ್ಬರ ಬಳಿ ಇರುವುದು ಮೇಲು. ಶಾಲಾಭಿವೃದ್ಧಿ ಸಮಿತಿ ಮಾರ್ಚ್ ತಿಂಗಳ ಸಭೆಯಲ್ಲಿ ಅವರ ಹೆಸರನ್ನೂ, ಎರಡು ದಿನದ ಕೂಲಿಯನ್ನೂ ನಡಾವಳಿಯಲ್ಲಿ ಬರೆಯಲಿ. ತೊಳೆದ ತಾರೀಖನ್ನು ಏಳನೆಯ ತರಗತಿಯ ಮಕ್ಕಳು ತೊಟ್ಟಿಯ ಗೋಡೆಯ ಮೇಲೆಯೇ, ಎಲ್ಲರಿಗೂ ಕಾಣುವ ಹಾಗೆ, ಸುಣ್ಣದಲ್ಲಿ ಬರೆದಿಡಲಿ.